ನನ್ನ ಮನಸ್ಸಿಗೊಂದು ಚಕ್ಕುಲಿ ಹರಕೆ

ನಮ್ಮ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಜಗಳವಾಡುವಾಗಲಂತೂ ಸರಿಯೇ, ಚಹಾಕ್ಕೆ ಸಕ್ಕರೆ ಸಾಕಾ ಎಂದು ಕೇಳುವಾಗಲೂ ಬೊಬ್ಬೆ ಹೊಡೆದೇ ಕೇಳುವುದು. ಇದಕ್ಕೆ ಕಾರಣ ಅಪ್ಪನ ಹಿಟ್ಟಿನ ಮಿಲ್ಲು. ಸಿದ್ಧಕಟ್ಟೆಯ ಪೇಟೆ ದಾಟಿ ಸ್ವಲ್ಪ ಮುಂದೆ ಹೋದರೆ ರಸ್ತೆಬದಿಗೆ ಮಿಲ್ಲು, ಅದರ ಬೆನ್ನಿಗೆ ಅಂಟಿಕೊಂಡು ನಮ್ಮ ಮನೆ. ಮಿಲ್ಲಿಗೂ ಅಡುಗೆಮನೆಗೂ ನಡುವೆ ಇರುವುದು ಒಂದೇ ಗೋಡೆ. ಮೋಟಾರು ಶುರುವಾದರೆ ಕಪಾಟಿನ ಲೋಟಗಳು ತಾವಾಗಿಯೇ ಅಂಚಿನ ತನಕ ನಡೆದು ಬರುತ್ತವೆ, ಅಮ್ಮ ಹೋಗಿ ಅವನ್ನು ಹಿಂದಕ್ಕೆ ದೂಡಿ ಬರುತ್ತಾಳೆ. ಇಂಥ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತವರು ಒಂದೋ ನಿದ್ದೆಯಲ್ಲಿರಬೇಕು, ಇಲ್ಲ ಜ್ವರ ಬಂದಿರಬೇಕು. ಮೂರನೆಯ ಸಾಧ್ಯತೆ ಉಂಟು ಎಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ.

ಆ ಮೂರನೆಯ ಸಾಧ್ಯತೆಯನ್ನು ಮನೆಗೆ ತಂದವಳು ನಾನು. ಮೂಡುಬಿದಿರೆಯ ಕಾಲೇಜಿನಲ್ಲಿ ಬಿ.ಎ.ಗೆ ಸೇರಿದಾಗ ಮುಖ್ಯ ವಿಷಯಗಳಲ್ಲಿ ಒಂದಾಗಿ ತತ್ತ್ವಶಾಸ್ತ್ರವನ್ನು ತೆಗೆದುಕೊಂಡೆ, ಅದರಲ್ಲೂ ಮನಸ್ಸು ಮತ್ತು ಮೆದುಳಿನ ಬಗ್ಗೆ ಇರುವ ಪತ್ರಿಕೆಯನ್ನು. ಯಾಕೆ ತೆಗೆದುಕೊಂಡೆ ಎಂದು ಆಮೇಲೆ ಬೇಕಾದಷ್ಟು ಜನರಿಗೆ ದೊಡ್ಡ ದೊಡ್ಡ ಕಾರಣ ಹೇಳಿದ್ದೇನೆ. ನಿಜವಾದ ಕಾರಣವೆಂದರೆ, ಆ ತರಗತಿ ಮುಗಿದ ಕೂಡಲೇ ಓಡಿದರೆ ಸಿದ್ಧಕಟ್ಟೆಗೆ ಬರುವ ಬಸ್ಸಿನಲ್ಲಿ ಕೂರಲು ಸೀಟು ಸಿಗುತ್ತಿತ್ತು. ಇತಿಹಾಸ ತೆಗೆದುಕೊಂಡವರೆಲ್ಲ ಬಂಟ್ವಾಳದ ತನಕ ನಿಂತುಕೊಂಡೇ ಹೋಗುತ್ತಿದ್ದರು.

ತರಗತಿಯಲ್ಲಿ ನಾವು ಇದ್ದದ್ದು ಮೂವರು. ನಾನು, ಬ್ಯಾಂಕ್ ಪರೀಕ್ಷೆಯ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಓದುವ ಒಬ್ಬಳು ಹುಡುಗಿ, ಮತ್ತು ಬೆಳಗಿನ ಅಭ್ಯಾಸ ಮುಗಿಸಿ ಬಂದು ನಿದ್ದೆ ಮಾಡುವ ಒಬ್ಬ ಕಬಡ್ಡಿ ಆಟಗಾರ. ಮೂವರಿಗೆ ಒಂದು ಕೋಣೆ ಯಾಕೆ ಎಂದು ಕಛೇರಿಯವರು ನಮ್ಮನ್ನು ಆಟದ ಸಾಮಾನು ಇಡುವ ಕೋಣೆಗೆ ಹಾಕಿದ್ದರು. ಹೈಜಂಪಿನ ಹಾಸಿಗೆಗಳು, ಬಲೆ, ಗಾಳಿ ಹೋದ ವಾಲಿಬಾಲುಗಳು, ಅವುಗಳ ನಡುವೆ ಒಂದು ಹಲಗೆ. ಮನುಷ್ಯನಿಗೆ ಮನಸ್ಸು ಎಂಬುದು ಮೆದುಳಿಗಿಂತ ಬೇರೆಯಾಗಿ ಉಂಟೇ ಇಲ್ಲವೇ ಎಂಬ ಚರ್ಚೆಯನ್ನು ನಾನು ಮೊದಲ ಸಲ ಕೇಳಿದ್ದು ಈಟಿಗಳ ಕಟ್ಟಿಗೆ ಬೆನ್ನು ಕೊಟ್ಟು ಕೂತು. ಮೂವರಲ್ಲಿ ಒಬ್ಬರು ಬಿಟ್ಟುಹೋದರೂ ಈ ವಿಷಯವನ್ನೇ ನಿಲ್ಲಿಸುತ್ತೇವೆ ಎಂದು ಕಛೇರಿಯವರು ಮೊದಲೇ ಹೇಳಿಬಿಟ್ಟಿದ್ದರು.

ನಮಗೆ ಪಾಠ ಮಾಡುತ್ತಿದ್ದ ಮೇಷ್ಟ್ರು ಅಳದಂಗಡಿ ಕಡೆಯವರು, ಜೈನರು. ಇಷ್ಟು ಮೆಲ್ಲಗೆ ಮಾತಾಡುವ ಗಂಡಸನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಮೊದಲ ದಿನ ಅವರಿಗೆ ಗಂಟಲುನೋವು ಎಂದೇ ತಿಳಿದುಕೊಂಡಿದ್ದೆ. ಸೂರ್ಯ ಮುಳುಗಿದ ಮೇಲೆ ಅವರು ಉಣ್ಣುವವರಲ್ಲ. ಹಾಗಾಗಿ ಮಧ್ಯಾಹ್ನದ ಮೇಲೆ ಪಾಠದಲ್ಲಿ ಎಷ್ಟೇ ಗಹನವಾದ ವಿಚಾರ ಬಂದರೂ ಅವರ ಒಂದು ಕಣ್ಣು ಕಿಟಕಿಯ ಬೆಳಕಿನ ಮೇಲೆಯೇ ಇರುತ್ತಿತ್ತು. ನನ್ನ ಕಣ್ಣು ಬಸ್ಸಿನ ಮೇಲೆ. ಹೀಗೆ ಗುರು ಶಿಷ್ಯೆ ಇಬ್ಬರೂ ಒಂದೇ ಮನಸ್ಸಿನಿಂದ ಬೇಗ ಮುಗಿಸುತ್ತಿದ್ದೆವು.

ಊರಿನಲ್ಲಿ ನಾನು ಕಲಿಯುವ ವಿಷಯದ ಸುದ್ದಿ ಹಬ್ಬಲು ಹೆಚ್ಚು ದಿನ ಬೇಕಾಗಲಿಲ್ಲ. ಮಿಲ್ಲಿಗೆ ಬಂದವರು ಅಕ್ಕಿಯ ಜೊತೆಗೆ ಸುದ್ದಿಯನ್ನೂ ಬೀಸಿಕೊಂಡು ಹೋಗುತ್ತಾರೆ. ಮಿಲ್ಲಿನವರ ಮಗಳು ಮೆದುಳಿಗೆ ಕಲಿಯುವುದಂತೆ ಎಂದಾಯಿತು. ಒಬ್ಬರು ತಮ್ಮ ಅರೆತಲೆನೋವಿನ ವಿವರ ಕೊಟ್ಟರು. ಇನ್ನೊಬ್ಬರು ಗಂಡನ ಕುಡಿತ ಬಿಡಿಸಲು ಮಾತ್ರೆ ಯಾವುದು ಎಂದು ಕೇಳಿದರು. ನಮ್ಮದು ಮದ್ದಿನ ವಿಷಯವಲ್ಲ, ಯೋಚನೆಯ ವಿಷಯ ಎಂದು ನಾನು ವಿವರಿಸಿದರೆ, "ಯೋಚನೆ ಮಾಡ್ಲಿಕ್ಕೆ ಮೂಡುಬಿದಿರೆಗೆ ಹೋಗ್ಬೇಕಾ ಮಾರಾಯ್ತಿ?" ಎಂದು ನಗುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಒಮ್ಮೆ ಹಾಗೆ ನಕ್ಕವರೊಬ್ಬರ ಕಾಲ ಮೇಲೆ ಹಿಟ್ಟಿನ ಚೀಲವನ್ನೇ ಇಟ್ಟುಬಿಟ್ಟಿದ್ದೇನೆ.

ಬಂಟ್ವಾಳದಲ್ಲಿರುವ ನನ್ನ ಚಿಕ್ಕಮ್ಮನಿಗೆ ಮಾತ್ರ ಇದು ನಗುವ ವಿಷಯವಾಗಿ ಕಾಣಲಿಲ್ಲ. ಅವಳು ಪ್ರತಿ ಸಂಜೆ ಅಮ್ಮನಿಗೆ ಫೋನ್ ಮಾಡಿ ಒಂದೇ ಪಲ್ಲವಿ ಹಾಡುತ್ತಿದ್ದಳು: "ಅಕ್ಕಾ, ಅದೆಲ್ಲ ಕಲಿತರೆ ಮಂಡೆ ಕೆಡ್ತದೆ. ಕಾಮರ್ಸಿಗೆ ಬದಲಾಯಿಸುವ. ಇನ್ನೂ ಅವಕಾಶ ಉಂಟು." ಅವಕಾಶ ಇದ್ದದ್ದು ನಿಜ. ಸೇರಿದ ಮೇಲೂ ಕೆಲವು ವಾರ ವಿಷಯ ಬದಲಾಯಿಸಲು ಕಾಲೇಜಿನಲ್ಲಿ ಬಿಡುತ್ತಿದ್ದರು. ಅಮ್ಮ ಮೊದಮೊದಲು ಅದಕ್ಕೆ ಸೊಪ್ಪು ಹಾಕಲಿಲ್ಲ. ಅಷ್ಟರಲ್ಲಿ ಮೇಷ್ಟ್ರು ಗಿರಣಿಯ ಪಾಠ ಮಾಡಿದರು.

ಅದೊಂದು ಹಳೆಯ ವಾದ, ಈ ವಿಷಯ ಓದುವವರಿಗೆಲ್ಲ ಎಂದಾದರೊಂದು ದಿನ ಹೇಳಿಕೊಡುವಂಥದ್ದು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, ತಮ್ಮ ಆ ಮೆಲುದನಿಯಲ್ಲಿ ಹೇಳಿದರು: "ಯೋಚನೆ ಮಾಡುವ, ನೋವು ತಿಳಿಯುವ ಒಂದು ಯಂತ್ರ ಉಂಟು ಅಂತ ಇಟ್ಟುಕೊಳ್ಳುವ. ಅದನ್ನು ಒಂದು ಗಿರಣಿಯಷ್ಟು ದೊಡ್ಡದು ಮಾಡುವ. ಈಗ ಬಾಗಿಲು ತೆರೆದು ನಾವು ಒಳಗೆ ಹೋಗುವ. ಎಂತ ಕಾಣ್ತದೆ? ಒಂದು ಭಾಗ ಇನ್ನೊಂದನ್ನು ದೂಡ್ತಾ ಉಂಟು. ಅಷ್ಟೆ. ಯೋಚನೆ ಎಲ್ಲಿ ಉಂಟು? ನೋವು ಎಲ್ಲಿ ಉಂಟು?"

ಬ್ಯಾಂಕ್ ಪರೀಕ್ಷೆಯವಳು ಪುಟ ತಿರುವಿದಳು. ಕಬಡ್ಡಿಯವನು ಕಣ್ಣು ಬಿಟ್ಟು, ಗಿರಣಿ ಎಂಬ ಮಾತು ಕೇಳಿ, ಮತ್ತೆ ಮುಚ್ಚಿದ. ನಾನು ಮಾತ್ರ ಬೆಂಚಿನ ಮೇಲೆ ನೆಟ್ಟಗೆ ಕೂತೆ. ಲೋಕದಲ್ಲಿ ಇಷ್ಟೆಲ್ಲ ಯಂತ್ರಗಳಿರುವಾಗ ಇವರಿಗೆ ನಮ್ಮಪ್ಪನ ಮಿಲ್ಲೇ ಬೇಕಾಯಿತೇ?

"ಸರ್, ನಮ್ಮಲ್ಲಿ ಮಿಲ್ಲು ಉಂಟು," ಎಂದೆ. ಅಭ್ಯಾಸಬಲದಿಂದ ಕೊಂಚ ಜೋರಾಗಿಯೇ ಹೇಳಿದ್ದೆ. ವಾಲಿಬಾಲೊಂದು ಉರುಳಿತು.

ಮೇಷ್ಟ್ರ ಮುಖ ಅರಳಿತು. ಇಷ್ಟು ವರ್ಷ ಈ ಪಾಠ ಮಾಡಿದ್ದರೂ ಗಿರಣಿಯ ಮನೆಯವರು ಅವರಿಗೆ ಸಿಕ್ಕಿದ್ದು ಅದೇ ಮೊದಲಂತೆ. "ಹಾಗಾದರೆ ನಿಮಗೆ ನಮಗಿಂತ ಅನುಕೂಲ ಉಂಟು," ಎಂದರು. "ಒಳಗೆ ಹೋಗಿ ನೋಡಿ ಬನ್ನಿ."

ಅವರು ತಮಾಷೆಗೆ ಹೇಳಿದರೋ ಏನೋ. ನಾನು ಮನೆಗೆ ಬಂದವಳು ಬ್ಯಾಗನ್ನೂ ಇಳಿಸದೆ ನೇರ ಮಿಲ್ಲಿಗೆ ಹೋದೆ. ಹುಟ್ಟಿದಾಗಿನಿಂದ ನೋಡಿದ್ದ ಮಿಲ್ಲು. ಮೇಲಿನ ತಗಡಿನ ಬಾಯಿಗೆ ಅಕ್ಕಿ ಸುರಿಯುತ್ತಾರೆ, ಮೋಟಾರು ಬೆಲ್ಟನ್ನು ಎಳೆಯುತ್ತದೆ, ಬೆಲ್ಟು ಕಲ್ಲನ್ನು ತಿರುಗಿಸುತ್ತದೆ, ಕೆಳಗಿನ ಬಟ್ಟೆಯ ಚೀಲದಿಂದ ಬಿಸಿ ಹಿಟ್ಟು ಬೀಳುತ್ತದೆ. ಒಂದು ಇನ್ನೊಂದನ್ನು ದೂಡುತ್ತದೆ. ಅಷ್ಟೆ. ನನ್ನ ತಲೆಯೊಳಗೂ ಇಷ್ಟೇ ಇದ್ದರೆ, ಈಗ ಇದನ್ನು ನೋಡುತ್ತಾ 'ಅಯ್ಯೋ' ಎಂದುಕೊಳ್ಳುತ್ತಿರುವುದು ಯಾರು? ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಸುಮ್ಮನೆ ಹೇಳುತ್ತಿಲ್ಲ, ನಿಜವಾಗಿಯೂ ಹಿಡಿದುಕೊಂಡಿತು. ಅಲ್ಲಿಯ ತನಕ ಪರೀಕ್ಷೆಗೆಂದು ಓದಿದ ಯಾವುದೂ ನನ್ನ ಬೆನ್ನು ಹತ್ತಿ ಮನೆಯ ತನಕ ಬಂದಿರಲಿಲ್ಲ. ಇದು ಬಸ್ಸು ಹತ್ತಿ, ನನಗೆ ಸಿಕ್ಕ ಸೀಟಿನಲ್ಲೇ ಕೂತು, ಮನೆಗೇ ಬಂದಿತ್ತು. ನನಗೆ ಭಯವೂ ಆಯಿತು, ವಿಪರೀತ ಸಂತೋಷವೂ ಆಯಿತು.

ಅಂದಿನಿಂದ ದಿನಾ ಸಂಜೆ ಮಿಲ್ಲಿನಲ್ಲಿ ನಿಂತು ನೋಡುವುದು ನನ್ನ ಕೆಲಸವಾಯಿತು. ಮೊದಲು ಹೆದರಿದ್ದು ಅಪ್ಪ, ಅದೂ ಮಿಲ್ಲಿನ ಸಲುವಾಗಿ. ನಾನು ಬೆಲ್ಟನ್ನೇ ದಿಟ್ಟಿಸಿ ನೋಡುವುದನ್ನು ಕಂಡು, "ಎಂತ, ಬೆಲ್ಟು ಕಡಿದುಹೋಗುವ ಹಾಗೆ ಉಂಟಾ?" ಎಂದು ಕಿರುಚಿದ. ನಾನು ಇನ್ನೂ ಬಗ್ಗಿ ನೋಡಿದೆ. ಅಪ್ಪ ಮೋಟಾರು ನಿಲ್ಲಿಸಿ, ಬೆಲ್ಟು ಬಿಚ್ಚಿ, ಕಲ್ಲು ಎತ್ತಿ, ಎಲ್ಲವನ್ನೂ ಒರೆಸಿ ನೋಡಿದ. ಕಾದು ನಿಂತ ಗಿರಾಕಿಗಳು ಗೊಣಗಿದರು. ಮಿಲ್ಲಿನಲ್ಲಿ ಏನೂ ದೋಷವಿರಲಿಲ್ಲ. ಅಪ್ಪ ಕಲ್ಲನ್ನು ಮತ್ತೆ ಕೂರಿಸಿ, ಕೈ ಒರೆಸಿಕೊಳ್ಳುತ್ತಾ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. ಮಿಲ್ಲು ಸರಿ ಇದ್ದರೆ ಕೆಟ್ಟದ್ದು ಯಾವುದು ಎಂದು ಅವನಿಗೆ ಹೊಳೆದಿತ್ತು.

ಅಮ್ಮನಿಗೆ ಗೊತ್ತಾದದ್ದು ಬೇರೆ ದಾರಿಯಿಂದ. ನಾನೂ ಅಮ್ಮನೂ ಜಗಳವಾಡದ ದಿನವೇ ಇರಲಿಲ್ಲ. ಒಣಗಿದ ಬಟ್ಟೆ ತೆಗೆಯಲಿಲ್ಲ, ತಲೆಗೆ ಎಣ್ಣೆ ಹಾಕಲಿಲ್ಲ, ಫ್ಯಾನು ಆರಿಸಲಿಲ್ಲ. ಅವಳು ಒಂದು ಅಂದರೆ ನಾನು ಎರಡು ಅನ್ನಬೇಕು, ಅವಳು ನನ್ನ ಅಜ್ಜಿಯ ತನಕ ಹೋಗಬೇಕು, ಆಮೇಲೆ ಇಬ್ಬರೂ ಚಹಾ ಕುಡಿಯಬೇಕು. ಆ ದಿನಗಳಲ್ಲಿ ಅವಳು ಏನು ಹೇಳಿದರೂ ನಾನು "ಆಯ್ತಮ್ಮ" ಎನ್ನತೊಡಗಿದೆ. ತಲೆಯೊಳಗೆ ಅಷ್ಟು ದೊಡ್ಡ ಮಿಲ್ಲು ತಿರುಗುತ್ತಿರುವಾಗ ಫ್ಯಾನಿನ ವಿಷಯಕ್ಕೆ ಜಗಳವಾಡಲು ಪುರುಸೊತ್ತು ಎಲ್ಲಿಂದ ಬರಬೇಕು? ಈ ಒಂದು ಮಾತು ಕೇಳಿ ಅಮ್ಮ ಗಾಬರಿಯಾದಳು. ಬೇಕೆಂದೇ ಕೆಣಕಿ ನೋಡಿದಳು. ನನ್ನ ಇಷ್ಟದ ಚೂಡಿದಾರದ ಶಾಲನ್ನು ಒಲೆ ಒರೆಸಲು ತೆಗೆದುಕೊಂಡಳು. "ಆಯ್ತಮ್ಮ." ನಿಮ್ಮ ಮೇಷ್ಟ್ರಿಗೆ ಬೇರೆ ಕಸುಬು ಇಲ್ಲವಾ ಎಂದಳು. "ಇರಬಹುದಮ್ಮ." ಅಷ್ಟೇ, ಆ ಸಂಜೆ ಚಿಕ್ಕಮ್ಮನ ಫೋನು ಬರುವ ಮೊದಲೇ ಇವಳೇ ಮಾಡಿದಳು.

ಮರುದಿನ ಅಮ್ಮ ಕೊರಗಜ್ಜನಿಗೆ ಹರಕೆ ಹೇಳಿಕೊಂಡಳು.

ನಮ್ಮ ಕಡೆ ಏನು ಕಳೆದುಹೋದರೂ ಈ ದೈವಕ್ಕೆ, ಅಜ್ಜನಿಗೆ, ಹೇಳುವುದು. ಬೀಗದ ಕೈ, ಕಿವಿಯ ಬೆಂಡೋಲೆ, ದನ, ಮೊಬೈಲು, ಯಾವುದೂ ಆದೀತು. ಸಿಕ್ಕಿದರೆ ಚಕ್ಕುಲಿ ಇಡ್ತೇನೆ, ವೀಳ್ಯ ಇಡ್ತೇನೆ ಎಂದು ಹೇಳಿಕೊಂಡು ಹುಡುಕಿದರೆ ಸಿಗುತ್ತದೆ, ಸಿಕ್ಕಿದ ದಿನವೇ ಅಜ್ಜನ ಕಟ್ಟೆಗೆ ಹೋಗಿ ಒಪ್ಪಿಸಬೇಕು. ಅಮ್ಮನಿಗೆ ಇದರಲ್ಲಿ ಒಳ್ಳೆಯ ಅನುಭವ ಉಂಟು. ಅಪ್ಪನ ಕನ್ನಡಕ ವಾರಕ್ಕೊಮ್ಮೆ ಕಳೆದುಹೋಗುವುದರಿಂದ ನಮ್ಮ ಚಕ್ಕುಲಿ ಡಬ್ಬಿ ಖಾಲಿಯಾದದ್ದೇ ಇಲ್ಲ. ಆದರೆ ಈ ಸಲ ಅವಳು ಹೇಳಿಕೊಂಡದ್ದು, ನನ್ನ ಮಗಳ ಮನಸ್ಸು ಕಳೆದುಹೋಗಿದೆ, ಹುಡುಕಿಕೊಡು ಎಂದು.

ಇದನ್ನು ನಾನು ತರಗತಿಯಲ್ಲಿ ಹೇಳಿದೆ. ಮೇಷ್ಟ್ರಿಗೆ ಹಬ್ಬವಾಯಿತು. ಅಂದಿನ ಪಾಠ ಬದಿಗಿಟ್ಟು ಪೂರಾ ಒಂದು ಪೀರಿಯಡ್ಡು ಅಮ್ಮನ ಹರಕೆಯ ಮೇಲೆಯೇ ಮಾತಾಡಿದರು. ಕಳೆದುಹೋಗಬೇಕಾದರೆ ಅದು ಮೊದಲು ಒಂದು ಜಾಗದಲ್ಲಿ ಇರಬೇಕು, ಅಂದರೆ ನಿಮ್ಮ ತಾಯಿಯವರ ಪ್ರಕಾರ ಮನಸ್ಸು ಒಂದು ವಸ್ತು ಎಂದರು. ಕಬಡ್ಡಿಯವನು ಎಚ್ಚರಗೊಂಡು, "ಮನಸ್ಸೇ ಕಳೆದುಹೋದರೆ ಕಳೆದುಹೋಗಿದೆ ಅಂತ ಇವಳಿಗೆ ಹೇಗೆ ಗೊತ್ತಾಗ್ತದೆ ಸರ್?" ಎಂದು ಕೇಳಿದ. ಇಡೀ ವರ್ಷದಲ್ಲಿ ಅವನು ಕೇಳಿದ ಒಂದೇ ಪ್ರಶ್ನೆ ಅದು. ಮೇಷ್ಟ್ರು ಅವನ ಬೆನ್ನು ತಟ್ಟಿದರು. ಆಮೇಲೆ ನನ್ನತ್ತ ತಿರುಗಿ, "ಒಂದು ವಿಷಯ ಕೇಳಿಕೊಂಡು ಬನ್ನಿ. ಸಿಕ್ಕಿತು ಅಂತ ಅವರು ಯಾವುದರಿಂದ ತಿಳಿಯುವುದು? ಬೀಗದ ಕೈಯಾದರೆ ಕಣ್ಣಿಗೆ ಕಾಣ್ತದೆ. ಮನಸ್ಸು?" ಎಂದರು.

ನಾನು ಮನೆಗೆ ಬಂದು ಕೇಳಿದೆ. "ಯಾವ ಗುರುತು ಹೇಳಿಕೊಂಡದ್ದು ಅಂತ ಬಾಯಿಬಿಡ್ಲಿಕ್ಕೆ ಇಲ್ಲ. ಸಿಕ್ಕಿದಾಗ ನನಗೆ ಗೊತ್ತಾಗ್ತದೆ," ಎಂದಳು ಅಮ್ಮ.

ನನ್ನ ಕಷ್ಟ ಶುರುವಾದದ್ದು ಇಲ್ಲಿಂದ. ಸುಮ್ಮನಿದ್ದರೆ ಮನೆಯವರು, ನೋಡಿ, ಆ ಸಬ್ಜೆಕ್ಟಿನಿಂದಲೇ ಹೀಗಾಯಿತು, ಬಿಡಿಸುವ ಎನ್ನುತ್ತಾರೆ. ನಗುನಗುತ್ತಾ ಓಡಾಡಿದರೆ, ನೋಡಿ, ಅದರ ಚಿಂತೆ ಬಿಟ್ಟ ಕೂಡಲೇ ಸರಿಯಾದಳು, ಬಿಡಿಸುವ. ನಾನು ಎರಡನ್ನೂ ಮಾಡಿ ನೋಡಿದೆ. ಒಂದು ಇಡೀ ದಿನ ಹಲ್ಲು ಕಿರಿದುಕೊಂಡು ಓಡಾಡಿದ್ದಕ್ಕೆ ಅಮ್ಮ ಹಣೆ ಮುಟ್ಟಿ ನೋಡಿದಳು. ಬದಲಾಯಿಸಲು ಕೊನೆಯ ದಿನ ಶನಿವಾರ ಎಂದು ಚಿಕ್ಕಮ್ಮ ಹೇಗೋ ತಿಳಿದುಕೊಂಡಿದ್ದಳು. ಬುಧವಾರ ಊಟಕ್ಕೆ ಕೂತಾಗ ಅಪ್ಪ ತೀರ್ಪು ಕೊಟ್ಟ: "ಶನಿವಾರ ನಾನೂ ಬರ್ತೇನೆ. ಕಾಮರ್ಸಿಗೆ ಹಾಕುವ. ಹೀಗೆ ಚಿಂತೆ, ಮಂಡೆಬೆಚ್ಚ ಮಾಡಿಕೊಂಡು ಕಲಿಯುವುದು ಎಂತಕ್ಕೆ?" ನಾನು ಬೇಡ ಎನ್ನಬೇಕಿತ್ತು. ಬಾಯಿಗೆ ಬಂದದ್ದು ಅಭ್ಯಾಸವಾಗಿಹೋಗಿದ್ದ "ಆಯ್ತು." ನನಗೆ ಆ ಸಾಮಾನು ಕೋಣೆ ಬೇಕಿತ್ತು. ಆ ಪ್ರಶ್ನೆ ಬೇಕಿತ್ತು. ಬಸ್ಸಿನ ಸೀಟಿಗಾಗಿ ಸೇರಿದವಳಿಗೆ ಈಗ ನಿಂತುಕೊಂಡು ಹೋದರೂ ಸರಿ, ಅದೇ ಬೇಕಿತ್ತು.

ಗುರುವಾರ ಮೇಷ್ಟ್ರಿಗೆ ವಿಷಯ ಹೇಳಿದೆ. ಅವರ ಮುಖ ಸಣ್ಣದಾಯಿತು. ನಾನು ಹೋದರೆ ಅವರ ತರಗತಿಯೂ ಮುಗಿದಂತೆ, ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. "ನಾನು ನಾಳೆ ಮನೆಗೆ ಬಂದು ಮಾತಾಡ್ತೇನೆ," ಎಂದರು. ಆ ಮಾತನ್ನು ಕೇಳಿಸಿಕೊಳ್ಳಲು ನಾನು ಒಂದು ಹೆಜ್ಜೆ ಮುಂದೆ ಬರಬೇಕಾಯಿತು. ಈ ದನಿ ಇಟ್ಟುಕೊಂಡು ಇವರು ನಮ್ಮ ಮಿಲ್ಲಿನಲ್ಲಿ ಅಪ್ಪನ ಹತ್ತಿರ ಮಾತಾಡುವುದೇ! ನನ್ನ ಕಾಮರ್ಸ್ ಗಟ್ಟಿಯಾಯಿತು ಎಂದುಕೊಂಡೆ.

ಶುಕ್ರವಾರ ಮಧ್ಯಾಹ್ನದ ಮೇಲೆ ಮೇಷ್ಟ್ರು ಬಸ್ಸಿಳಿದು ಬಂದಾಗ ಮಿಲ್ಲಿನಲ್ಲಿ ಮೆಣಸು ಬೀಸುತ್ತಿದ್ದರು. ಮೆಣಸು ಬೀಸುವಾಗ ನಮ್ಮ ಮಿಲ್ಲಿನೊಳಗೆ ಹೊಸಬರು ನಿಲ್ಲಲಾರರು. ಮೇಷ್ಟ್ರು ಬಾಗಿಲಲ್ಲಿ ನಿಂತು ಕೈ ಮುಗಿದರು, ಸೀನಿದರು, ಮತ್ತೆ ಕೈ ಮುಗಿದರು. ಅಪ್ಪ ಯಂತ್ರ ಬಿಟ್ಟು ಬರುವ ಹಾಗಿರಲಿಲ್ಲ. "ಬನ್ನಿ ಮಾಷ್ಟ್ರೇ! ಹೇಳಿ! ಎಂತ ವಿಷಯ?" ಎಂದು ಅಲ್ಲಿಂದಲೇ ಕೂಗಿದ.

ಮೇಷ್ಟ್ರು ಏನೋ ಹೇಳಿದರು. ತುಟಿ ಅಲ್ಲಾಡಿದ್ದು ಕಂಡಿತು.

"ಎಂತ?"

ಮೇಷ್ಟ್ರು ಸ್ವಲ್ಪ ದನಿ ಏರಿಸಿದರು. ಅಪ್ಪ ಕಿವಿಗೆ ಕೈ ಕೊಟ್ಟ. ಮೇಷ್ಟ್ರು ಇನ್ನೂ ಸ್ವಲ್ಪ ಏರಿಸಿದರು. ಮೆಣಸಿನ ಚೀಲ ಹಿಡಿದು ಕೂತಿದ್ದ ಒಬ್ಬರು ಹೆಂಗಸಿಗೆ ಕನಿಕರ ಬಂದು, "ಬೊಬ್ಬೆ ಹಾಕಿ ಮಾಷ್ಟ್ರೇ, ಇಲ್ಲಿ ಎಲ್ಲರೂ ಹಾಗೆಯೇ," ಎಂದು ಧೈರ್ಯ ಹೇಳಿದರು. ಮೇಷ್ಟ್ರು ಕಣ್ಣು ಒರೆಸಿಕೊಂಡು, ಉಸಿರು ಎಳೆದುಕೊಂಡು, ಬಹುಶಃ ಜನ್ಮದಲ್ಲಿ ಮೊದಲ ಸಲ, ಬೊಬ್ಬೆ ಹಾಕಿದರು.

"ಮನಸ್ಸು ಅಂದರೆ ಮೆದುಳೇನಾ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ!"

"ಗೊತ್ತಿಲ್ಲದ್ದನ್ನು ಕಲಿಸುವುದು ಹೇಗೆ?" ಎಂದು ಅಪ್ಪ ಕೂಗಿದ.

"ಗೊತ್ತಿಲ್ಲ ಅಂತಲೇ ಕಲಿಸುವುದು!" ಎಂದು ಮೇಷ್ಟ್ರು ಕೂಗಿದರು.

"ಅದಕ್ಕೆ ಮೂರು ವರ್ಷ ಬೇಕಾ?" ಎಂದು ಮೆಣಸಿನ ಹೆಂಗಸು ಕೂಗಿದರು.

"ಸಾಕಾಗುದಿಲ್ಲ ಅಮ್ಮಾ!" ಎಂದರು ಮೇಷ್ಟ್ರು. ಈಗ ಅವರಿಗೆ ದನಿ ಸಿಕ್ಕಿತ್ತು. ಬಹಳ ವರ್ಷ ಬೀಗ ಹಾಕಿದ್ದ ಕೋಣೆಯ ಬಾಗಿಲು ತೆರೆದ ಹಾಗೆ ಎಲ್ಲವೂ ಹೊರಗೆ ಬರತೊಡಗಿತು. ಗಿರಣಿಯ ವಾದ, ನೋವಿನ ವಾದ, ಆತ್ಮ ದೇಹದ ತುಂಬ ಹೇಗೆ ಹಬ್ಬಿಕೊಂಡಿದೆ ಎಂದು ತಮ್ಮ ಮನೆಯ ಹಿರಿಯರು ಹೇಳುತ್ತಿದ್ದದ್ದು, ಎಲ್ಲವನ್ನೂ ಸೀನುಗಳ ನಡುವೆ ಕಿರುಚಿ ಹೇಳಿದರು. ಅಪ್ಪ ಮೆಣಸು ಸುರಿಯುತ್ತಾ ತಲೆಯಾಡಿಸುತ್ತಿದ್ದ. ಎಷ್ಟು ಕೇಳಿಸಿತೋ ದೇವರಿಗೇ ಗೊತ್ತು. ಕೊನೆಗೆ ಮೇಷ್ಟ್ರು ಇದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ, "ನಿಮ್ಮ ಮಗಳ ಹಾಗೆ ಈ ವಿಷಯಕ್ಕೆ ಮಂಡೆಬೆಚ್ಚ ಮಾಡಿಕೊಂಡವರನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ!" ಎನ್ನುವಷ್ಟರಲ್ಲಿ ಕರೆಂಟು ಹೋಯಿತು.

ಮೋಟಾರು ಸುಸ್ತಾಗಿ ನಿಂತಿತು. 'ಕಂಡಿಲ್ಲ' ಎಂಬ ಮಾತು ರಸ್ತೆಯ ಆಚೆಯ ಅಂಗಡಿಯ ತನಕ ಹೋಯಿತು. ಅಂಗಡಿಯವರು ಎದ್ದು ನಿಂತು ನೋಡಿದರು. ಮೇಷ್ಟ್ರು ನಾಚಿಕೆಯಿಂದ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದರು.

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಎಲ್ಲವೂ ಅವಳಿಗೆ ಕೇಳಿಸಿತ್ತು. "ಮಾಷ್ಟ್ರೇ, ನೀವು ದೊಡ್ಡವರು, ಬೇಸರ ಮಾಡ್ಬೇಡಿ," ಎಂದಳು. "ಮಂಡೆಬೆಚ್ಚ ಆದದ್ದೇ ನಮಗೆ ಹೆದರಿಕೆ. ಅವಳು ಬಿಡ್ತಾಳೆ. ಅವಳೇ ಒಪ್ಪಿದ್ದಾಳೆ. ಬುಧವಾರವೇ ಆಯ್ತು ಅಂತ ಹೇಳಿದ್ದಾಳೆ."

ಅವಳೇ ಒಪ್ಪಿದ್ದಾಳೆ! ನನಗೆ ಅಡಿಯಿಂದ ಮುಡಿಯ ತನಕ ಉರಿಯಿತು. ಇಷ್ಟು ದಿನ ಒಳಗೆ ತಿರುಗುತ್ತಿದ್ದ ಮಿಲ್ಲಿನ ಬೆಲ್ಟು ಕಡಿದು ಹೊರಗೆ ಬಂತು.

"ನಾನು ಎಲ್ಲಿ ಒಪ್ಪಿದ್ದು? ನನ್ನ ಹತ್ತಿರ ಯಾರು ಕೇಳಿದ್ದು? ಬಂಟ್ವಾಳದಲ್ಲಿ ಕೂತುಕೊಂಡು ಚಿಕ್ಕಮ್ಮ ಹೇಳುವುದು, ನೀವಿಬ್ಬರು ಕುಣಿಯುವುದು! ನಾನು ಬಿಡುದಿಲ್ಲ. ಏನೇ ಆದರೂ ಬಿಡುದಿಲ್ಲ. ನನ್ನ ಶಾಲಿನಲ್ಲಿ ಒಲೆ ಒರೆಸಿದ್ದೂ ನಾನು ನೋಡಿದ್ದೇನೆ!"

"ನೋಡಿದ್ದೀಯಾ?" ಎಂದಳು ಅಮ್ಮ.

"ಮತ್ತೆ? ಕಣ್ಣಿಲ್ಲವಾ ನನಗೆ?"

"ಕಣ್ಣಿದ್ದರೆ ಒಣಗಿದ ಬಟ್ಟೆ ಯಾಕೆ ಕಾಣುದಿಲ್ಲ? ಮೂರು ದಿನದಿಂದ ಹಗ್ಗದಲ್ಲೇ ಉಂಟು!"

"ಒಂದು ಬಟ್ಟೆ ತೆಗೆಯದಿದ್ದರೆ ಊರು ಮುಳುಗುದಿಲ್ಲ!"

"ನಿನ್ನ ಅಜ್ಜಿಯದ್ದೂ ಇದೇ ಮಾತು! ಆ ಮನೆಯ ನಾಲಗೆಯೇ ಹಾಗೆ!"

ಅಪ್ಪ, "ನನ್ನ ಅಮ್ಮ ನಡುವೆ ಎಲ್ಲಿಂದ ಬಂದಳು?" ಎಂದ. ಯಾರೂ ಅವನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮಿಲ್ಲು ನಿಂತಿದ್ದರೂ ನಮ್ಮಿಬ್ಬರ ದನಿ ಮಿಲ್ಲಿನ ಅಳತೆಯಲ್ಲೇ ಇತ್ತು. ಮೇಷ್ಟ್ರು ಗೋಡೆಗೆ ಒರಗಿದ್ದರು. ನಾನು ಹಳೆಯ ಬಾಕಿಗಳನ್ನೆಲ್ಲ ತೆಗೆದೆ, ಅವಳು ಅದಕ್ಕೂ ಹಳೆಯವನ್ನು ತೆಗೆದಳು. ಇದ್ದಕ್ಕಿದ್ದಂತೆ ಅಮ್ಮ ಮಾತು ನಿಲ್ಲಿಸಿದಳು. ಅವಳ ಮುಖ ನೋಡಿ ನಾನೂ ನಿಲ್ಲಿಸಿದೆ. ಅವಳ ಕಣ್ಣಲ್ಲಿ ನೀರಿತ್ತು, ಅದು ಮೆಣಸಿನದ್ದಲ್ಲ, ಅವಳಿಗೆ ಮೆಣಸು ಎಂದೋ ಅಭ್ಯಾಸವಾಗಿದೆ.

"ಸಿಕ್ಕಿತು," ಎಂದಳು. "ಅಜ್ಜ ಹುಡುಕಿಕೊಟ್ಟ."

"ಎಂತ ಸಿಕ್ಕಿತು?" ಎಂದ ಅಪ್ಪ.

"ನಾನು ಗುರುತು ಅಂತ ಹೇಳಿಕೊಂಡದ್ದೇ ಅದು. ಮೊದಲಿನ ಹಾಗೆ ನನ್ನ ಹತ್ತಿರ ಜಗಳ ಮಾಡ್ಲಿ ಅಂತ."

ಮೇಷ್ಟ್ರ ಬಾಯಿಂದ "ಓ!" ಎಂಬ ಉದ್ಗಾರ ಬಂತು. ಹುಡುಕುತ್ತಿದ್ದ ಪುಟ ಸಿಕ್ಕಿದವರ ಹಾಗಿತ್ತು ಅವರ ಮುಖ.

ಅಪ್ಪ ವ್ಯವಹಾರಸ್ಥ. "ಸಿಕ್ಕಿತಲ್ಲ, ಒಳ್ಳೆಯದಾಯಿತು. ಹಾಗಾದರೆ ನಾಳೆ ಕಾಮರ್ಸಿಗೆ ಹಾಕಿ ಬರುವ, ಇನ್ನೊಮ್ಮೆ ಕಳೆದುಹೋಗುವುದು ಬೇಡ," ಎಂದ.

ಅಮ್ಮ ಅವನತ್ತ ತಿರುಗಿದಳು. ಜಗಳದ ಬಿಸಿ ಇನ್ನೂ ಆರಿರಲಿಲ್ಲ. "ಅಜ್ಜ ಹುಡುಕಿಕೊಟ್ಟದ್ದಕ್ಕೆ ಕುಂದು ಹೇಳ್ಲಿಕ್ಕೆ ಉಂಟಾ? ಆಚೆಮನೆಯವರ ಗಡಸು ದನ ಕಳೆದುಹೋಗಿ, ಸಿಕ್ಕುವಾಗ ಗಬ್ಬ ಆಗಿತ್ತು. ಹೀಗೆ ಬೇಡ, ಹೋದ ಹಾಗೆಯೇ ಕೊಡು ಅಂತ ಹೇಳಿದರಾ ಅವರು? ಚಕ್ಕುಲಿ ಇಟ್ಟು ಕೈಮುಗಿದು ಮನೆಗೆ ಹೊಡೆದುಕೊಂಡು ಬಂದರು. ಸಿಕ್ಕಿದ್ದನ್ನು ಸಿಕ್ಕಿದ ಹಾಗೆ ತಗೊಳ್ಬೇಕು. ಇವಳ ಮನಸ್ಸು ಸಿಕ್ಕಿದೆ, ಅದರೊಟ್ಟಿಗೆ ಮಾಷ್ಟ್ರ ಸಬ್ಜೆಕ್ಟೂ ಬಂದಿದೆ. ಎಂತ ಮಾಡುವುದು? ಇರ್ಲಿ. ಬಂಟ್ವಾಳಕ್ಕೆ ನಾನು ಫೋನ್ ಮಾಡ್ತೇನೆ."

ಅಜ್ಜನ ವಿಷಯದಲ್ಲಿ ಚೌಕಾಸಿ ಮಾಡಲು ಅಪ್ಪನಿಗೂ ಧೈರ್ಯವಿಲ್ಲ, ಅವನ ಕನ್ನಡಕ ಅಜ್ಜನ ದಯೆಯಲ್ಲೇ ಉಳಿದಿದೆ. ನನ್ನನ್ನು ಗಬ್ಬದ ಗಡಸಿಗೆ ಹೋಲಿಸಿದ್ದಕ್ಕೆ ಬೇರೆ ದಿನವಾದರೆ ಇನ್ನೊಂದು ಜಗಳ ತೆಗೆಯುತ್ತಿದ್ದೆ. ಅಂದು ಬಿಟ್ಟುಕೊಟ್ಟೆ.

ಆಮೇಲೆ ಶುರುವಾಯಿತು ಗಡಿಬಿಡಿ. ಡಬ್ಬಿಯ ಹಳೆಯ ಚಕ್ಕುಲಿ ಇದಕ್ಕೆ ಸಾಲದು, ಇದು ಕನ್ನಡಕವಲ್ಲ, ಹೊಸದೇ ಆಗಬೇಕು ಎಂದಳು ಅಮ್ಮ. ಅಕ್ಕಿಹಿಟ್ಟನ್ನು ಎರಡು ದಿನ ಮೊದಲೇ ಬೀಸಿಟ್ಟಿದ್ದಳು. ಸಿಗುತ್ತದೆ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ಹಾಗೆಯೇ ಮೇಷ್ಟ್ರಿಗೂ ಚಕ್ಕುಲಿ ತಿನ್ನಿಸದೆ ಕಳಿಸುವುದಿಲ್ಲ ಎಂದು ಹಟ. ಆದರೆ ಅಜ್ಜನಿಗೆ ಇಡುವ ಮೊದಲು ಯಾರೂ ತಿನ್ನುವಂತಿಲ್ಲ. ಮೇಷ್ಟ್ರಿಗೋ, ಸೂರ್ಯ ಮುಳುಗಿದ ಮೇಲೆ ತಿನ್ನುವಂತಿಲ್ಲ. ಮೇಷ್ಟ್ರು ಜಗಲಿಯಲ್ಲಿ ಕೂತು ಪಶ್ಚಿಮಕ್ಕೆ ನೋಡಿದರು. ಮೋಡವಿತ್ತು, ಸೂರ್ಯ ಎಲ್ಲಿದ್ದಾನೆಂದೇ ತಿಳಿಯುತ್ತಿರಲಿಲ್ಲ. ಮೊಬೈಲಿನಲ್ಲಿ ನೋಡಿ, "ಇನ್ನೂ ಸ್ವಲ್ಪ ಉಂಟು," ಎಂದರು. ಮೆಣಸಿನ ಹೆಂಗಸು, ಮೆಣಸು ಅರ್ಧ ಬೀಸಿದಲ್ಲಿಗೇ ನಿಂತಿದ್ದರೂ, ಮನೆಗೆ ಹೋಗದೆ ಇದನ್ನೇ ನೋಡುತ್ತಾ ಕೂತರು.

ಅಮ್ಮ ಹಿಟ್ಟು ಕಲಸಿದಳು, ನಾನು ಚಕ್ಕುಲಿ ಒರಳು ತಿರುಗಿಸಿದೆ. ಕರೆಂಟಿಲ್ಲದ ಅಡುಗೆಮನೆಯಲ್ಲಿ ಎಣ್ಣೆಯ ಸದ್ದು ಕೂಡ ಕೇಳಿಸುತ್ತಿತ್ತು. ಅಷ್ಟು ಸದ್ದಿಲ್ಲದೆ ನಾವಿಬ್ಬರು ಎಂದೂ ಕೂತಿರಲಿಲ್ಲ.

"ಜಗಳ ಮಾಡು ಅಂತ ನನ್ನ ಹತ್ತಿರವೇ ಹೇಳಬಹುದಿತ್ತಲ್ಲ," ಎಂದೆ. "ಅಜ್ಜನ ತನಕ ಯಾಕೆ ಹೋಗ್ಬೇಕಿತ್ತು?"

ಅಮ್ಮ ಚಕ್ಕುಲಿ ಮಗುಚಿದಳು. "ಹೇಳಿ ಮಾತಾಡಿಸಿದರೆ ಅದು ಮಾತಾ ಮಗಾ? ನೀನು ಇದ್ದೆ, ಉಣ್ತಿದ್ದೆ, ಕಾಲೇಜಿಗೆ ಹೋಗ್ತಿದ್ದೆ, ಹೇಳಿದ್ದಕ್ಕೆಲ್ಲ ಆಯ್ತು ಅಂತಿದ್ದೆ. ಒಳಗೆ ಯಾರೂ ಇಲ್ಲದ ಮನೆಯ ಬಾಗಿಲು ಬಡಿದ ಹಾಗೆ ಆಗ್ತಿತ್ತು ನನಗೆ."

ನನಗೆ ಅಳು ಬಂತು. ಇಷ್ಟು ದಿನ ಮಿಲ್ಲಿನೊಳಗೆ ಇಣುಕಿ, ಅಲ್ಲಿ ಯಾರಿದ್ದಾರೆ ಎಂದು ನಾನು ಹುಡುಕುತ್ತಿದ್ದಾಗ, ಗೋಡೆಯ ಈಚೆ ಬದಿಯಲ್ಲಿ ಅಮ್ಮ ನನ್ನೊಳಗೆ ಇಣುಕಿ ಅದನ್ನೇ ಹುಡುಕುತ್ತಿದ್ದಳು. ನನಗೆ ಅದು ಪಾಠವಾಗಿತ್ತು, ಅವಳಿಗೆ ಮಗಳಾಗಿತ್ತು. ಒರಳು ತಿರುಗಿಸುವ ಕೈ ನಿಂತದ್ದಕ್ಕೆ ಅಮ್ಮ ಬೈದಳು.

ಅಪ್ಪ ಬಿಸಿಬಿಸಿ ಚಕ್ಕುಲಿಯನ್ನೂ ವೀಳ್ಯವನ್ನೂ ಹಿಡಿದುಕೊಂಡು ಸ್ಕೂಟರು ಹತ್ತಿ ಕಟ್ಟೆಗೆ ಓಡಿದ. ಜಗಲಿಯಲ್ಲಿ ಮೇಷ್ಟ್ರ ಮುಂದೆ ತಟ್ಟೆಯಲ್ಲಿ ಚಕ್ಕುಲಿ, ಮೇಷ್ಟ್ರ ಕಣ್ಣು ಮೊಬೈಲಿನ ಮೇಲೆ, ನಮ್ಮೆಲ್ಲರ ಕಣ್ಣು ಮೇಷ್ಟ್ರ ಮೇಲೆ. ಅಮ್ಮನ ಫೋನು ರಿಂಗಾಯಿತು. "ಇಟ್ಟಾಯ್ತು!" ಎಂದು ಅಪ್ಪ ಕಿರುಚಿದ್ದು ಫೋನಿಲ್ಲದೆಯೂ ಕೇಳಿಸುವಂತಿತ್ತು. "ತಿನ್ನಿ ಮಾಷ್ಟ್ರೇ, ತಿನ್ನಿ!" ಎಂದು ನಾವೆಲ್ಲ ಒಟ್ಟಿಗೆ ಕೂಗಿದೆವು. ಮೇಷ್ಟ್ರು ಕಣ್ಣು ಮುಚ್ಚಿ, ಬಿಸಿಗೆ ಬಾಯಿ ಸುಟ್ಟುಕೊಂಡು, ಸೂರ್ಯನಿಗಿಂತ ಮೊದಲು ಮುಗಿಸಿದರು. ಉಳಿದದ್ದನ್ನು ಅಮ್ಮ ಕಟ್ಟಿಕೊಟ್ಟಳು, ನಾಳೆ ಬೆಳಗ್ಗೆಗೆ. ಬಸ್ಸಿಗೆ ಹೊರಡುವಾಗ ಅವರು ನನ್ನ ಹತ್ತಿರ, ಹಿಂದಿನ ಮೆಲುದನಿಯಲ್ಲೇ, "ಗಿರಣಿಯ ಪಾಠಕ್ಕೆ ಇನ್ನು ಒಂದು ಪೀರಿಯಡ್ಡು ಸಾಕಾಗುದಿಲ್ಲ," ಎಂದರು.

ಕರೆಂಟು ಬಂದದ್ದು ಅವರು ಹೋದ ಮೇಲೆ. ಅಪ್ಪ ಬಂದು ಸ್ವಿಚ್ಚು ಹಾಕಿದ, ಮೆಣಸಿನ ಹೆಂಗಸಿನ ಉಳಿದ ಅರ್ಧ ಚೀಲ ಶುರುವಾಯಿತು, ಕಪಾಟಿನ ಲೋಟಗಳು ಅಂಚಿನತ್ತ ಹೊರಟವು. ನಾನು ಮತ್ತೆ ಮಿಲ್ಲಿಗೆ ಹೋಗಿ ತಿರುಗುವ ಬೆಲ್ಟನ್ನು ನೋಡುತ್ತಾ ನಿಂತೆ. ಒಂದು ಇನ್ನೊಂದನ್ನು ದೂಡುತ್ತಿತ್ತು. ಪ್ರಶ್ನೆ ಅಲ್ಲಿಯೇ, ಹಾಗೆಯೇ ಇತ್ತು. ಇನ್ನೇನು ಅದರೊಳಗೆ ಮುಳುಗಬೇಕು, ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮನ ಕೂಗು ಗೋಡೆ ದಾಟಿ ಬಂತು.

"ಆ ಒರಳು ತೊಳೆದಿಡು ಮಾರಾಯ್ತಿ!"

"ಆಯ್ತಮ್ಮ," ಎಂದೆ.

ಆಚೆ ಕಡೆ ಸದ್ದಿಲ್ಲ. ಲೋಟ ಹಿಂದಕ್ಕೆ ದೂಡುವ ಸದ್ದು ಕೂಡ ಇಲ್ಲ. ಬೆಲ್ಟಿನಿಂದ ಕಣ್ಣು ಕಿತ್ತು, ಗೋಡೆಯ ಕಡೆ ತಿರುಗಿ, ಮಿಲ್ಲಿಗಿಂತ ಜೋರಾಗಿ ಕೂಗಿದೆ.

"ಆಗುದಿಲ್ಲ! ನೀನೇ ತೊಳಿ!"

"ಬಾ ಇತ್ತ, ಕಾಲು ಮುರಿತೇನೆ ನಿನ್ನದು!" ಎಂದಳು ಅಮ್ಮ. ಅವಳು ನಗುತ್ತಿದ್ದಳು.